ಒಂದು ಗಂಟೆ ಇಪ್ಪತ್ತೆರಡು ನಿಮಿಷ

ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ ವಾನಳ್ಳಿಯ ಶಾಂತಾರಾಮ ಜೋಯಿಸರು ಹೊಸ ಲ್ಯಾಪ್‌ಟಾಪೊಂದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ, ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬಂದವರೆಲ್ಲ ಮೊದಲು ಒಳಗೆ ಇಣುಕಿ, ನನ್ನನ್ನು ನೋಡಿ, ರಿಪೇರಿಯವರು ಎಲ್ಲಿ ಎಂದು ಕೇಳುತ್ತಾರೆ. ನಾನು ಸ್ಕ್ರೂಡ್ರೈವರ್ ಎತ್ತಿ ತೋರಿಸುತ್ತೇನೆ. ಜೋಯಿಸರು ಹಾಗೆ ಕೇಳಲಿಲ್ಲ. ಅದಕ್ಕೇ ಅವರ ಕೆಲಸ ಒಪ್ಪಿಕೊಂಡೆ ಎಂದರೂ ಸುಳ್ಳಾಗುವುದಿಲ್ಲ.

“ತಂಗಿ, ನಮ್ಮ ಜಾತಕದ ಪ್ರೋಗ್ರಾಮು ಇದ್ರಲ್ಲಿ ಕೂರ್ತೇ ಇಲ್ಲೆ. ಬೀಗ ಸಿಕ್ಕಿದ್ದಿಲ್ಲೆ ಹೇಳಿ ಹಟ ಹಿಡೀತು,” ಎಂದರು.

ಬೀಗವೆಂದರೆ ಬೆರಳುದ್ದದ ಒಂದು ಯುಎಸ್‌ಬಿ ಕಡ್ಡಿ. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಜಾತಕ ಹಾಕುವ ಪ್ರೋಗ್ರಾಮ್ ತೆರೆದುಕೊಳ್ಳುತ್ತದೆ. ಯಾರೂ ನಕಲು ಮಾಡಿ ಹಂಚದಿರಲಿ ಎಂದು ಮಾಡಿದವರ ಉಪಾಯ. ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಜೋಯಿಸರ ಹಳೆಯ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋಗಿತ್ತು. ತಮ್ಮನ ಮಗ ಕೊಡಿಸಿದ ಲ್ಯಾಪ್‌ಟಾಪಿನ ಹೊಸ ವಿಂಡೋಸ್‌ಗೂ ಆ ಹಳೆಯ ಪ್ರೋಗ್ರಾಮಿಗೂ ಆಗಿಬರುತ್ತಿರಲಿಲ್ಲ. ಜೋಯಿಸರಿಗೆ ಎರಡೂ ಕಣ್ಣಿನಲ್ಲಿ ಪೊರೆ. ಪಂಚಾಂಗದ ಸಣ್ಣ ಅಕ್ಷರ ಕಾಣದೆ ಆರೇಳು ವರ್ಷದಿಂದ ಕಂಪ್ಯೂಟರನ್ನೇ ನೆಚ್ಚಿಕೊಂಡಿದ್ದರು.

ಇದಕ್ಕೆ ಒಂದು ದಾರಿಯಿದೆ ಎಂದೆ. ಹೊಸ ಕಂಪ್ಯೂಟರಿನ ಒಳಗೆ ಇನ್ನೊಂದು ಹಳೇ ಕಂಪ್ಯೂಟರನ್ನು ಸೃಷ್ಟಿಸುವುದು. ಅದಕ್ಕೆ ಮೈಯಿಲ್ಲ, ಬರೀ ಲೆಕ್ಕಾಚಾರದಲ್ಲೇ ಇರುತ್ತದೆ. ಆದರೆ ಅದರೊಳಗೆ ಕೂತ ಪ್ರೋಗ್ರಾಮಿಗೆ ತಾನು ಹಳೇ ಮನೆಯಲ್ಲೇ ಇದ್ದೇನೆ ಅನ್ನಿಸುತ್ತದೆ. ವರ್ಚುವಲ್ ಮೆಷಿನ್ ಅನ್ನುತ್ತಾರೆ.

“ಕಂಪ್ಯೂಟರಿನ ಹೊಟ್ಟೆಲಿ ಇನ್ನೊಂದು ಕಂಪ್ಯೂಟರಾ?” ಜೋಯಿಸರು ಲ್ಯಾಪ್‌ಟಾಪನ್ನು ಒಮ್ಮೆ ನೋಡಿದರು. “ಹಾಂಗಾರೆ ಇದಕ್ಕೆ ಈಗ ಎಷ್ಟು ತಿಂಗಳು?”

ನಗಬೇಕಾಗಿತ್ತು. ನಗಲಿಲ್ಲ. ಆ ಕಾಲದಲ್ಲಿ ನನಗೆ ನಗು ಬರಬೇಕಾದ ಜಾಗ ಗೊತ್ತಾಗುತ್ತಿತ್ತು, ನಗು ಬರುತ್ತಿರಲಿಲ್ಲ.

ಒಳಗಿನ ಕಂಪ್ಯೂಟರನ್ನು ಒಂದೇ ದಿನದಲ್ಲಿ ಎಬ್ಬಿಸಿದೆ. ಪ್ರೋಗ್ರಾಮೂ ಕೂತಿತು. ಬೀಗ ಮಾತ್ರ ನಾಲ್ಕು ದಿನ ಸತಾಯಿಸಿತು. ಒಳಗಿನದಕ್ಕೆ ನಿಜವಾದ ತೂತುಗಳಿಲ್ಲವಲ್ಲ; ಬೀಗ ಚುಚ್ಚಿದೊಡನೆ ಹೊರಗಿನ ಕಂಪ್ಯೂಟರು ಅದನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ಅದು ಬಿಡುವ ತನಕ ಒಳಗಿನದಕ್ಕೆ ಕಾಣುವುದಿಲ್ಲ. ಕೊನೆಗೆ ಬೀಗದ ನಂಬರು ಹುಡುಕಿ ಬರೆದು, ಈ ನಂಬರಿನದು ಬಂದರೆ ಮುಟ್ಟದೆ ಒಳಗೆ ಕಳಿಸು ಎಂದು ಹೊರಗಿನದಕ್ಕೆ ಕಟ್ಟಪ್ಪಣೆ ಮಾಡಿದೆ. ಸಿಕ್ಕಿತು. ಜಾತಕದ ಪುಟ ತೆರೆಯಿತು.

ಆದರೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ತೆಗೆದರೆ ಬೀಗ ಮತ್ತೆ ಮಾಯ. ಅದರ ಕಾರಣ ಹುಡುಕಲು ಮತ್ತೊಂದು ದಿನ ಹೋಯಿತು. ಮುಚ್ಚಳ ಹಾಕಿದಷ್ಟು ಹೊತ್ತು ಒಳಗಿನ ಕಂಪ್ಯೂಟರಿನ ಗಡಿಯಾರ ನಿಂತಿರುತ್ತದೆ. ತೆಗೆದೊಡನೆ ಒಂದು ಸಣ್ಣ ಪ್ರೋಗ್ರಾಮ್ ಓಡಿಬಂದು ಅದನ್ನು ಹೊರಗಿನ ಗಂಟೆಗೆ ಎಳೆದು ಕೂರಿಸುತ್ತದೆ. ಗಂಟೆ ಹಾಗೆ ಜಿಗಿದದ್ದು ನೋಡಿ ಜಾತಕದ ಪ್ರೋಗ್ರಾಮಿಗೆ ಯಾರೋ ಮೋಸ ಮಾಡುತ್ತಿದ್ದಾರೆ ಅನ್ನಿಸಿ, ಬೀಗವನ್ನೇ ಒಪ್ಪುತ್ತಿರಲಿಲ್ಲ. ನಾನು ಆ ಎಳೆಯುವ ಪ್ರೋಗ್ರಾಮನ್ನು ನಿಲ್ಲಿಸಿಬಿಟ್ಟೆ. ಒಳಗಿನ ಗಡಿಯಾರ ತನ್ನ ಪಾಡಿಗೆ ಹಿಂದೆ ಬೀಳಲಿ, ಅದನ್ನು ಯಾರು ನೋಡುತ್ತಾರೆ? ಪರದೆಯ ಮೂಲೆಯಲ್ಲಿ ಹೊರಗಿನ ಗಂಟೆ ಸರಿಯಾಗಿಯೇ ಇರುತ್ತದಲ್ಲ.

ಬೇರೆ ಯಾರ ಕಂಪ್ಯೂಟರಾಗಿದ್ದರೂ ಅದರಿಂದ ಏನೂ ಕೆಡುತ್ತಿರಲಿಲ್ಲ. ವಕೀಲರ ಪತ್ರವೋ ಅಂಗಡಿಯ ಬಿಲ್ಲೋ ಒಂದು ತಾಸು ಹಿಂದಾದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಜೋಯಿಸರ ಹತ್ತಿರ ಅರ್ಧ ಜನ ಬರುವುದು ಪ್ರಶ್ನೆ ಕೇಳಲು. ಕಳೆದದ್ದು ಸಿಗುತ್ತದೆಯೇ, ಹೋದವರು ಬರುತ್ತಾರೆಯೇ ಎಂದು ಕೇಳಿದ ಗಳಿಗೆಗೆ ಆಕಾಶದಲ್ಲಿ ಯಾವ ರಾಶಿ ಏಳುತ್ತಿದೆ ಎಂದು ಕುಂಡಲಿ ಹಾಕಿ ಉತ್ತರ ಹೇಳುವುದು. ಆ ಗಳಿಗೆಯನ್ನು ಪ್ರೋಗ್ರಾಮು ಒಳಗಿನ ಗಡಿಯಾರದಿಂದಲೇ ತೆಗೆದುಕೊಳ್ಳುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಇಂಥ ಮನೆಯಲ್ಲೇ. ಉಂಗುರ ಕಳೆದರೂ ಪ್ರಶ್ನೆ, ಹಸು ಹಾಲು ಬಿಟ್ಟರೂ ಪ್ರಶ್ನೆ. ಎಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಕೆಲಸ ಮುಗಿಯಿತು, ಜೋಯಿಸರು ಪಂಚೆಯಲ್ಲಿ ಸುತ್ತಿಕೊಂಡು ಹೋದರು.

ಈಗ ನನ್ನ ಮನೆಯ ವಿಷಯ ಹೇಳಬೇಕು.

ನನ್ನ ಗಂಡ ಸಂದೇಶ ಗೊಬ್ಬರದ ಕಂಪನಿಯೊಂದರ ಪರವಾಗಿ ಊರೂರು ತಿರುಗುವ ಕೆಲಸದಲ್ಲಿದ್ದ. ೨೦೦೬ರ ಜೂನ್‌ನಲ್ಲಿ ಒಂದು ಸೋಮವಾರ ಯಲ್ಲಾಪುರಕ್ಕೆ ಹೋಗಿಬರುತ್ತೇನೆಂದು ಬೈಕು ಹತ್ತಿದ. ಬೈಕು ಯಲ್ಲಾಪುರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು, ಹ್ಯಾಂಡಲಿಗೆ ಲಾಕು ಹಾಕಿ ನೀಟಾಗಿ ನಿಲ್ಲಿಸಿದ್ದು. ಅವನು ಸಿಗಲಿಲ್ಲ. ಜಗಳವಿರಲಿಲ್ಲ, ಸಾಲವಿರಲಿಲ್ಲ, ಚೀಟಿ ಬರೆದಿಟ್ಟಿರಲಿಲ್ಲ. ಪೊಲೀಸರು ಹೊಳೆ ನೋಡಿದರು, ಕಾಡು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಲ್ಲಿಂದ ಹುಬ್ಬಳ್ಳಿಗೂ ಬಸ್ಸಿದೆ, ಅಂಕೋಲೆಗೂ ಬಸ್ಸಿದೆ ಎಂದು ಫೈಲು ಕಟ್ಟಿಟ್ಟರು.

ಮೊದಲ ಒಂದೆರಡು ತಿಂಗಳು ಅಳು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ, ಮುಟ್ಟಿದರೆ ಯಾರದೋ ದವಡೆ. ಜನ ಪಾಪ ಅಂದರೆ ಹೂಂ ಅನ್ನುತ್ತಿದ್ದೆ. ಧೈರ್ಯದ ಹೆಂಗಸು ಅಂದರೂ ಹೂಂ ಅನ್ನುತ್ತಿದ್ದೆ. ಅಂಗಡಿ, ಶಿರಸಿಯಲ್ಲೇ ಯಲ್ಲಾಪುರ ನಾಕೆಯ ಹತ್ತಿರದ ಬಾಡಿಗೆ ಮನೆ, ಮನೆಯಲ್ಲಿ ಅತ್ತೆ. ಇಷ್ಟೇ. ಅತ್ತೆ ಮಗನ ಸುದ್ದಿ ತಿಳಿಯುವ ತನಕ ರಾತ್ರಿ ಉಣ್ಣುವುದಿಲ್ಲವೆಂದು ಹರಕೆ ಹೊತ್ತಿದ್ದರು. ಎರಡು ವರ್ಷ ಎಂಟು ತಿಂಗಳು ಉಣ್ಣಲಿಲ್ಲ. ಮೊದಲೇ ಸಣ್ಣ ಹೆಂಗಸು, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು.

೨೦೦೯ರ ಫೆಬ್ರವರಿಯಲ್ಲಿ ಮಾವನ ಶ್ರಾದ್ಧಕ್ಕೆ ಬಂದ ಪುರೋಹಿತರು ಊಟವಾದ ಮೇಲೆ ಕೈ ಒರೆಸಿಕೊಳ್ಳುತ್ತಾ ಹೇಳಿದರು: “ಹೀಂಗೇ ನೇತಾಡ್ತಾ ಇದ್ರೆ ಸರಿ ಆಗ್ತಿಲ್ಲೆ. ಹನ್ನೆರಡು ವರ್ಷ ಕಾಯವು, ಇಲ್ಲದಿದ್ರೆ ಪ್ರಶ್ನೆ ಕೇಳವು. ಇಲ್ಲೆ ಹೇಳಿ ಬಂದ್ರೆ ಕ್ರಿಯೆ ಮುಗ್ಸಲಕ್ಕು.”

ಕ್ರಿಯೆ ಎಂದರೆ ಮುತ್ತುಗದ ಎಲೆಗಳಿಂದ ಆಳಿನ ಆಕಾರ ಮಾಡಿ, ಅದನ್ನೇ ಹೆಣವೆಂದು ತಿಳಿದು ಸುಡುವುದು. ಹೆಣ ಸಿಗದವರಿಗೆ ಹಾಗೆ ಮಾಡುತ್ತಾರೆ. ಅತ್ತೆ ಮೂರು ದಿನ ಯೋಚಿಸಿ, ಪ್ರಶ್ನೆಗೆ ಒಪ್ಪಿದರು. ಏನು ಬಂದರೂ ಒಪ್ಪಿಕೊಳ್ಳುತ್ತೇನೆ ಎಂದರು. ನಾನೂ ಹಾಗೇ ಅಂದೆ. ಯಾವುದಾದರೂ ಸರಿ, ಒಂದು ಉತ್ತರ ಬಂದರೆ ಸಾಕು ಎಂದೆ.

ಸುಳ್ಳು. ನನಗೆ ಬೇಕಾಗಿದ್ದದ್ದು ‘ಇಲ್ಲ’ ಎಂಬ ಉತ್ತರವೇ. ಸಂದೇಶ ಸಾಯಲಿ ಎಂದಲ್ಲ. ಅವನು ಎಲ್ಲಿದ್ದರೂ ನನ್ನ ಪಾಲಿಗೆ ಮುಗಿದಿದ್ದ, ಅದನ್ನು ಯಾರಾದರೂ ದೊಡ್ಡವರು ಬಾಯಿಬಿಟ್ಟು ಹೇಳಬೇಕಾಗಿತ್ತು. ಸಿದ್ದಾಪುರದ ಒಂದು ಕಾಲೇಜಿನವರು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳಲು ಜೂನ್‌ನಿಂದ ಬರುತ್ತೀಯಾ ಎಂದು ಕೇಳಿದ್ದರು. ಬೇರೆ ಊರು, ನನ್ನ ಕಥೆ ಗೊತ್ತಿಲ್ಲದ ಜನ. ಕಾಯುವ ಹೆಂಡತಿ ಊರು ಬಿಟ್ಟು ಹೋಗುವಂತಿಲ್ಲ, ಅವನು ಬಂದರೆ ಮನೆಯಲ್ಲಿ ಯಾರಿರುತ್ತಾರೆ ಎನ್ನುವುದು ಅತ್ತೆಯ ವಾದ. ವಿಧವೆಗೆ ಆ ಕಟ್ಟಿಲ್ಲ. ನನಗೆ ಜ್ಯೋತಿಷ್ಯದಲ್ಲಿ ನಂಬಿಕೆಯಿಲ್ಲ. ಅತ್ತೆಗೆ ಇದೆ.

ಫೆಬ್ರವರಿ ಇಪ್ಪತ್ತೆಂಟು, ಶನಿವಾರ. ಒಂಬತ್ತೂ ಮುಕ್ಕಾಲಿನ ಬಸ್ಸಿಗೆ ಹೊರಟು ಹನ್ನೊಂದಕ್ಕೆ ವಾನಳ್ಳಿಯಲ್ಲಿ ಇಳಿದೆವು. ಜೋಯಿಸರು ಜಗುಲಿಯಲ್ಲಿ ಚಾಪೆ ಹಾಕಿಸಿ, ನೀರು ಬೆಲ್ಲ ಕೊಟ್ಟು, ಲ್ಯಾಪ್‌ಟಾಪಿನ ಮುಚ್ಚಳ ತೆಗೆದರು. ಬೀಗ ಒಂದೇ ಸಲಕ್ಕೆ ಸಿಕ್ಕಿತು. ನನಗೆ ಕೆಲಸದ ಹೆಮ್ಮೆ ಕೂಡ ಆಯಿತು, ನೋಡಿ. ಅತ್ತೆ ತೆಂಗಿನಕಾಯಿ, ವೀಳ್ಯದೆಲೆ ಇಟ್ಟು, ನನ್ನ ಮಗ ಇದ್ದಾನೆಯೇ ಎಂದು ಕೇಳಿದರು. ಧ್ವನಿ ಸಣ್ಣದು, ಎರಡು ಸಲ ಕೇಳಬೇಕಾಯಿತು.

ಜೋಯಿಸರು ಮೂಗು ಪರದೆಗೆ ತಾಗುವ ಹಾಗೆ ಬಗ್ಗಿ ಬಹಳ ಹೊತ್ತು ನೋಡಿದರು.

“ಈಗ್ಲೂ ಬದ್ಕಿದ್ದ,” ಎಂದರು. “ಮೇಷ ಲಗ್ನ, ಚರ ರಾಶಿ. ಚರ ಹೇಳಿರೆ ಚಲಿಸೂದು. ಹೋದವ ದಾರಿಲಿದ್ದ ಹೇಳಿ ಅರ್ಥ. ಮಳೆ ಹಿಡಿಯದ್ರೊಳಗೆ ಮನೆಗೆ ಬತ್ತ.”

“ಕೇಳ್ಸ್ತನೇ ವಾಣಿ?” ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಬಿಗಿಯಾಗಿ ಹಿಡಿದರು, ನೋವಾಯಿತು. ಕೇಳಿಸಿತು ಎಂದೆ. ಮಳೆ ಹಿಡಿಯಲು ಇನ್ನೂ ಮೂರೂವರೆ ತಿಂಗಳಿತ್ತು. ಆ ಮಳೆಗಾಲಕ್ಕೆ ಬರದಿದ್ದರೆ ಮುಂದಿನದು, ಅದಕ್ಕೂ ಬರದಿದ್ದರೆ ಅದರ ಮುಂದಿನದು. ಹೋಗುವಾಗ ಜೋಯಿಸರು ಕುಂಡಲಿಯ ಹಾಳೆಯನ್ನು ಪ್ರಿಂಟು ತೆಗೆದು ಅತ್ತೆಯ ಕೈಗಿತ್ತರು.

ಆ ದಿನ ರಾತ್ರಿ ಅತ್ತೆ ಉಂಡರು. ಅನ್ನ, ಸಾರು, ಮೇಲೆ ಮಜ್ಜಿಗೆ. ನಾನು ಬಡಿಸುತ್ತಾ ನಿಂತೆ.

ಸೋಮವಾರ ಬೆಳಿಗ್ಗೆ ಹಾಳೆಯನ್ನು ನನ್ನ ಕೈಗೆ ಕೊಟ್ಟು, ದೇವರ ಮುಂದೆ ಇಡಬೇಕು, ಹಾಳಾಗದ ಹಾಗೆ ಪ್ಲಾಸ್ಟಿಕ್ ಮಾಡಿಸಿಕೊಂಡು ಬಾ ಎಂದರು. ಅಂಗಡಿಯಲ್ಲಿ ಲ್ಯಾಮಿನೇಷನ್ ಯಂತ್ರ ಬಿಸಿಯಾಗಲೆಂದು ಕಾಯುತ್ತಾ ಹಾಳೆ ನೋಡಿದೆ. ಮೇಲ್ಗಡೆ ತಾರೀಖು ಸರಿಯಿತ್ತು. ಅದರ ಕೆಳಗೆ, ಪ್ರಶ್ನ ಕಾಲ: ಬೆಳಿಗ್ಗೆ 9.58.

ಒಂಬತ್ತು ಐವತ್ತೆಂಟಕ್ಕೆ ನಾವು ಬಸ್ಸಿನಲ್ಲಿದ್ದೆವು. ದಾರಿಯಲ್ಲಿ ಸಿಗುವ ಹುಲೇಕಲ್ ಕೂಡ ಮುಟ್ಟಿರಲಿಲ್ಲ. ಅತ್ತೆ ಕಿಟಕಿಯ ಪಕ್ಕ ಕೂತು ತೆಂಗಿನಕಾಯಿಯ ಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು.

ಎಲ್ಲ ಒಟ್ಟಿಗೆ ಅರ್ಥವಾಯಿತು. ಒಂದೂವರೆ ತಿಂಗಳಲ್ಲಿ ಜೋಯಿಸರು ಎಷ್ಟು ಸಲ ಮುಚ್ಚಳ ಹಾಕಿದ್ದರೋ, ಊಟಕ್ಕೆ, ಸಂಧ್ಯಾವಂದನೆಗೆ. ನಡುನಡುವೆ ಮರುಚಾಲೂ ಮಾಡಿದಾಗ ಸರಿಹೋಗಿ, ಮತ್ತೆ ಹಿಂದೆ ಬಿದ್ದು, ಆ ಶನಿವಾರದ ಹೊತ್ತಿಗೆ ಒಳಗಿನ ಗಡಿಯಾರ ಒಂದು ತಾಸಿನ ಮೇಲೆ ಹಿಂದಿತ್ತು. ನನಗೆ ಸಿಟ್ಟು ಬಂತು. ಬಹಳ ದಿನಗಳ ಮೇಲೆ ಬಂದ ಸಿಟ್ಟು, ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಬೀಗ ಸಿಗಲೆಂದು ಆ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟವಳು ನಾನೇ. ಯಂತ್ರ ಬಿಸಿಯಾಗಿತ್ತು. ಹಾಳೆಯನ್ನು ಪ್ಲಾಸ್ಟಿಕ್ಕಿನೊಳಗೆ ಇಟ್ಟು ತಳ್ಳಿದೆ. ಆ ಬದಿಯಿಂದ ನುಣ್ಣಗೆ ಹೊಳೆಯುತ್ತಾ ಬಂತು.

ಹೇಳಬಹುದಾಗಿತ್ತು. ಹೇಳಲಿಲ್ಲ. ಅತ್ತೆ ದಿನಾ ರಾತ್ರಿ ಉಣ್ಣುತ್ತಿದ್ದರು. ಒಂದು ವಾರದಲ್ಲಿ ಮುಖಕ್ಕೆ ಬಣ್ಣ ಬಂತು. ಸಂದೇಶನ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು ಒಗೆದರು, ನಾಕೆಯ ಇಸ್ತ್ರಿ ಅಂಗಡಿಗೆ ತಾವೇ ಒಯ್ದು ಕೊಟ್ಟರು. ಇಸ್ತ್ರಿಯವನಿಗೂ, ಹಾಲಿನವನಿಗೂ, ಪಕ್ಕದ ಮನೆಯವರಿಗೂ ಮಗ ಬರುವ ಸುದ್ದಿ ಹೇಳಿದರು. ಸಂಜೆ ನಾನು ಬಂದರೆ ಮುಡಿಯಲು ಹೂವಿನ ಮಾಲೆ ಸಿದ್ಧ. ನಾನು ಮುಡಿಯುತ್ತಿದ್ದೆ. ದಿನವೂ ಇವತ್ತು ಹೇಳುತ್ತೇನೆ ಅಂದುಕೊಂಡು ಮನೆಗೆ ಬರುವುದು, ಅತ್ತೆ ಪಲ್ಯ ಕೇಳಿ ಹಾಕಿಸಿಕೊಳ್ಳುವುದು ನೋಡಿ ಸುಮ್ಮನಾಗುವುದು. ಹೀಗೇ ಹದಿನೇಳು ದಿನ.

ಹದಿನೇಳನೆಯ ದಿನ ಸಂಜೆ ಮನೆಗೆ ಹೋದಾಗ ಅತ್ತೆ ಹೂ ಕಟ್ಟುತ್ತಾ ಕೂತಿದ್ದರು.

“ಸಿದ್ದಾಪುರದ ಕಾಲೇಜಿನವ್ರ ಫೋನು ಬಂದಿತ್ತು,” ಎಂದರು. “ಗಂಡ ಬತ್ತಾ ಇದ್ದ, ಇನ್ನು ನಮ್ಮನೆ ಸೊಸೆ ಎಲ್ಲಿಗೂ ಬತ್ತಿಲ್ಲೆ ಹೇಳಿ ತಿಳ್ಸಿ ಆತು. ಬೇರೆಯವ್ರ ನೋಡ್ಕ್ಯತ್ವಡ.”

ಕೆಲಸ ಬೇರೆಯವರಿಗೆ ಹೋಗಿತ್ತು. ನಾನು ಚಪ್ಪಲಿ ಬಿಡುತ್ತಿದ್ದೆ. ಒಂದನ್ನು ಬಿಟ್ಟಿದ್ದೆ, ಇನ್ನೊಂದು ಕಾಲಲ್ಲೇ ಇತ್ತು. ಅತ್ತೆ ಏನೂ ತಪ್ಪು ಮಾಡಿರಲಿಲ್ಲ. ಮಗ ಬರುವುದು ನಿಜವಾಗಿದ್ದರೆ ಅವರು ಹೇಳಿದ್ದೂ ಸರಿಯೇ. ಹೂಂ ಎಂದೆ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯದೆ ವಾನಳ್ಳಿ ಬಸ್ಸು ಹತ್ತಿದೆ.

ಜೋಯಿಸರು ಜಗುಲಿಯಲ್ಲೇ ಇದ್ದರು. ಲ್ಯಾಪ್‌ಟಾಪಿನ ಮೇಲೆ ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು. ನಾನು ಕೂತು, ಬೀಗ, ಗಡಿಯಾರ, ಮುಚ್ಚಳ ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ತಪ್ಪು ನನ್ನದು ಎಂದೆ. ಅವರು ಸಿಟ್ಟಾಗಲಿಲ್ಲ. ನಕ್ಕರು.

“ತಂಗಿ, ಹುಟ್ಟಿದ ಗಳಿಗೆ ತಪ್ಪಲಕ್ಕು. ಪ್ರಶ್ನೆ ಗಳಿಗೆ ತಪ್ತಿಲ್ಲೆ. ಆ ಗಂಟೆನೇ ಬರವು ಹೇಳಿ ಇತ್ತು, ಬಂತು. ನೀನು ಗಡಿಯಾರ ಬಿಟ್ಟಿದ್ದೂ ಅದ್ರಲ್ಲೇ ಸೇರ್ತು. ಬಿಳಗಿ ಕೆರಿಯಪ್ಪನ ಎಮ್ಮೆ ಅದೇ ವಾರ ಕಳೆದಿತ್ತು. ತೆಂಕಿಗೆ ಹುಡುಕು ಹೇಳಿದ್ದಕ್ಕೆ ತೆಂಕಿಗೇ ಸಿಕ್ತು. ಅದಕ್ಕೆಂತ ಹೇಳ್ತೆ?”

“ಎಮ್ಮೆಗೆ ನಾಲ್ಕು ಕಾಲಿದ್ದು ಜೋಯಿಸರೇ. ಯಾವ್ದಾದ್ರೂ ಒಂದು ದಿಕ್ಕಿಗೆ ಹೋಗ್ಲೇಬೇಕು.”

ಅವರು ಇನ್ನೂ ನಗುತ್ತಲೇ ಇದ್ದರು. ನಾನು ಬ್ಯಾಗಿನಿಂದ ಆ ದಿನದ ಬಸ್ಸಿನ ಟಿಕೆಟು ತೆಗೆದು ಅವರ ಮುಂದೆ ಇಟ್ಟೆ. ಅದರ ಮೇಲಿನ ಗಂಟೆ ಅವರಿಗೆ ಓದಲಾಗದೆಂದು ಗೊತ್ತಿತ್ತು, ಆದರೂ ಇಟ್ಟೆ.

“ಒಂಬತ್ತು ಐವತ್ತೆಂಟಕ್ಕೆ ಯಂಗ ಇಬ್ರೂ ಹುಲೇಕಲ್ಲನ್ನೂ ಮುಟ್ಟಿತ್ತಿಲ್ಲೆ. ಬಸ್ಸಲ್ಲಿ ಕೂತವಕ್ಕೆ ನಿಂಗ ಉತ್ರ ಹೇಳಿದ್ರಿ. ಆ ಗಳಿಗೆಲಿ ನಿಂಗಳ ಹತ್ರ ಯಾರೂ ಎಂತದೂ ಕೇಳಿದ್ದಿಲ್ಲೆ.”

ನಗು ನಿಂತಿತು. ಜೋಯಿಸರು ಕನ್ನಡಕ ತೆಗೆದು ಉತ್ತರೀಯದಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. ಪ್ರಶ್ನೆಯೇ ಇಲ್ಲದ ಗಳಿಗೆಗೆ ಉತ್ತರ ಕೊಟ್ಟದ್ದು ಅವರ ವಿದ್ಯೆಗೆ ಸಲ್ಲುವ ಮಾತಾಗಿರಲಿಲ್ಲ. ಎದ್ದು ಹೋಗಿ ಮಾಡಿನ ಸಂದಿಯಿಂದ ಒಂದು ಉದ್ದನೆಯ ಪುಸ್ತಕ ತಂದರು. ಕೇಳಲು ಬಂದವರು ಚಾಪೆಯ ಮೇಲೆ ಕೂತೊಡನೆ ಗೋಡೆ ಗಡಿಯಾರ ನೋಡಿ ಹೊತ್ತು ಬರೆದಿಡುವುದು ಅವರ ತಂದೆಯ ಕಾಲದ ಪದ್ಧತಿ. ಕಂಪ್ಯೂಟರು ಬಂದ ಮೇಲೂ ಕೈ ಅದನ್ನು ಬಿಟ್ಟಿರಲಿಲ್ಲ, ಎರಡನ್ನೂ ಹೋಲಿಸಿ ಮಾತ್ರ ನೋಡಿರಲಿಲ್ಲ. ಪುಟ ತಿರುವಿ ನನ್ನ ಕಡೆ ಹಿಡಿದರು. ಫೆಬ್ರವರಿ ಇಪ್ಪತ್ತೆಂಟರ ಸಾಲಿನಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಹನ್ನೊಂದು ಇಪ್ಪತ್ತು, ಇಬ್ಬರು ಹೆಂಗಸರು.

“ಒಂದು ಗಂಟೆ ಇಪ್ಪತ್ತೆರಡು ನಿಮಿಷ,” ಎಂದೆ.

“ಪಂಚಾಂಗ ತಗ. ಕೈಯಲ್ಲೇ ಹಾಕನ. ನೀ ಓದು, ಆನು ಲೆಕ್ಕ ಹಾಕ್ತೆ.”

ಅವರು ಹೇಳಿದ ಪುಟ, ಹೇಳಿದ ಸಾಲು, ಹೇಳಿದ ಕಲಂ. ನಾನು ಅಂಕೆ ಓದುತ್ತಿದ್ದೆ, ಅವರು ಸ್ಲೇಟಿನ ಮೇಲೆ ಸೀಮೆಸುಣ್ಣದಿಂದ ದಪ್ಪಗೆ ಬರೆದುಕೊಳ್ಳುತ್ತಿದ್ದರು. ಅಕ್ಷರ ನನಗೇ ಸಣ್ಣದು. ಒಂದು ಸಾಲಿನಲ್ಲಿ ಬೆರಳು ನಿಂತಿತು. ನಾನು ಯಾವ ಅಂಕೆ ಹೇಳಿದರೂ ಈ ಮುದುಕರು ಬರೆದುಕೊಳ್ಳುತ್ತಾರೆ ಎಂಬುದು ಆಗ ತಲೆಗೆ ಬಂತು. ನನಗೆ ಬೇಕಾದದ್ದನ್ನು ಓದಬಹುದು. ಅತ್ತೆಗೆ ಬೇಕಾದದ್ದನ್ನೂ ಓದಬಹುದು. ಯಾವ ಅಂಕೆ ಓದಿದರೆ ಏನು ಬರುತ್ತದೆಂದು ನನಗೆ ಗೊತ್ತಿರಲಿಲ್ಲ, ಅದು ಬೇರೆ ಮಾತು. ಇದ್ದದ್ದನ್ನೇ ಓದಿದೆ. ಕೊನೆಯ ತನಕ ಇದ್ದದ್ದನ್ನೇ ಓದಿದೆ.

ಮುಕ್ಕಾಲು ತಾಸು ಹಿಡಿಯಿತು. ಜೋಯಿಸರು ಸ್ಲೇಟನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಲಗ್ನ ಮುಂದೆ ಹೋತು. ವೃಷಭ. ಸ್ಥಿರ ರಾಶಿ,” ಎಂದರು. ಸ್ಲೇಟನ್ನು ಚಾಪೆಯ ಮೇಲಿಟ್ಟು, “ಇಲ್ಲೆ ತಂಗಿ. ಹೋದ ವರ್ಷವೇ ಇಲ್ಲೆ ಹೇಳಿ ಕಾಣ್ತು. ಅದಕ್ಕೂ ಮೊದ್ಲೇ ಆಗಿದ್ರೂ ಆತು.”

ನಾನು ಹೂಂ ಎಂದೆ. ಬೇಕಾಗಿದ್ದ ಮಾತು ಸಿಕ್ಕಿತ್ತು. ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಕುತ್ತಿಗೆ ನೋಯುತ್ತಿತ್ತು, ಅಷ್ಟೇ, ಬಗ್ಗಿ ಓದಿ ಓದಿ.

“ಮೊದ್ಲಿನ ಕಾಗದವೇ ನಿನ್ನ ಅತ್ತೆ ಕೈಲಿ ಇರ್ಲಿ ಹೇಳಿ ನಿಂಗೆ ಕಂಡ್ರೆ, ಆನು ಯಾರ ಹತ್ರವೂ ಬಾಯಿ ಬಿಡ್ತ್ನಿಲ್ಲೆ,” ಎಂದರು ಜೋಯಿಸರು. “ಅಥವಾ ಆನೇ ಬಂದು ಹೇಳವು ಹೇಳಾದ್ರೆ ಬತ್ತೆ. ನೀ ಹೇಳ್ದಾಂಗೆ.”

“ಬೇಡ. ಆನೇ ಹೇಳ್ತೆ,” ಎಂದೆ.

ಹೊರಡುವ ಮೊದಲು ಲ್ಯಾಪ್‌ಟಾಪನ್ನು ತೆರೆದು, ಜಾತಕದ ಪ್ರೋಗ್ರಾಮನ್ನು ತೆರೆಯುವ ಮುಂಚೆಯೇ ಒಳಗಿನ ಗಡಿಯಾರ ತಾನಾಗಿ ಸರಿಹೋಗುವ ಹಾಗೆ ಮಾಡಿಕೊಟ್ಟೆ. ಇದು ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸ. ಹತ್ತು ನಿಮಿಷ ಸಾಕಾಯಿತು.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಅತ್ತೆ ಉಂಡು, ನನ್ನ ಪಾಲಿನ ಅಡಿಗೆ ಮುಚ್ಚಿಟ್ಟು, ನಡುಮನೆಯಲ್ಲಿ ಸಂದೇಶನ ಅಂಗಿಗಳಿಗೆ ಉದುರಿದ ಗುಂಡಿ ಹಾಕುತ್ತಾ ಕೂತಿದ್ದರು. ಅಂಗಡಿ ಬಿಟ್ಟು ಈ ಹೊತ್ತಿನಲ್ಲಿ ಬಂದದ್ದೇಕೆ ಎಂದು ಕೇಳಿದರು. ನಾನು ಅವರ ಎದುರು ನೆಲದ ಮೇಲೆ ಕೂತು ಹೇಳಿದೆ. ಕಂಪ್ಯೂಟರಿನ ಮಾತು ಅವರಿಗೆ ಅರ್ಥವಾಗಲಿಲ್ಲ. ಬಸ್ಸಿನ ಮಾತು ಅರ್ಥವಾಯಿತು. ನಾವು ಹುಲೇಕಲ್ ಮುಟ್ಟುವ ಮೊದಲೇ ಬರೆದ ಉತ್ತರ ಎಂಬುದು ಅರ್ಥವಾಯಿತು. ಆಮೇಲೆ ಸ್ಲೇಟಿನ ಲೆಕ್ಕ ಹೇಳಿದೆ. ‘ಇಲ್ಲೆ’ ಎಂಬ ಮಾತನ್ನೂ ಹೇಳಿದೆ.

ಅತ್ತೆ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟರು.

“ಗಂಟೆ ತಪ್ಪಿದ್ದು ಹೇಳಿ ನಿಂಗೆ ಯಾವಾಗ ಗೊತ್ತಾತು?”

“ಪ್ಲಾಸ್ಟಿಕ್ ಮಾಡ್ಸಿದ ದಿನ.”

“ಇಷ್ಟು ದಿನ ಎಂತಕ್ಕೆ ಸುಮ್ಮಂಗಿದ್ದೆ?”

“ನಿಂಗ ರಾತ್ರಿ ಉಣ್ತಾ ಇದ್ದಿದ್ರಿ.”

ಅತ್ತೆ ತಲೆ ಆಡಿಸಿದರು, ಸರಿಯಾದ ಲೆಕ್ಕ ಒಪ್ಪಿಸಿದವರ ಎದುರು ಆಡಿಸುವ ಹಾಗೆ. ಆಮೇಲೆ ಕೇಳಿದರು: “ಹಾಂಗಾರೆ ಈಗ ಎಂತಕ್ಕೆ ಹೇಳ್ದೆ?”

ಜೋಯಿಸರ ವಿದ್ಯೆ, ಸತ್ಯ, ಧರ್ಮ, ಸತ್ತವನ ಸದ್ಗತಿ, ಏನೇನೋ ಹೇಳಬಹುದಾಗಿತ್ತು. ಬಸ್ಸಿನಲ್ಲಿ ಬರುತ್ತಾ ಎರಡು ಮೂರು ಮಾತು ಕೂಡಿಸಿಕೊಂಡೂ ಬಂದಿದ್ದೆ.

“ನಂಗೆ ಬೇಕಿತ್ತು ಅತ್ತೆ,” ಎಂದೆ. “ಇಲ್ಲೆ ಹೇಳ ಉತ್ರನೇ ಬೇಕಿತ್ತು. ಮೊದ್ಲಿಂದಲೂ.”

ಅವರು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಅಂಗಿಗಳನ್ನು ಒಂದರ ಮೇಲೊಂದು ಮಡಚಿಟ್ಟರು. ಸುದ್ದಿ ಕೇಳಿದ ದಿನವೇ ಸಾವಿನ ದಿನವೆಂದು ನಮ್ಮಲ್ಲಿ ಲೆಕ್ಕ. ಹತ್ತು ದಿನದ ಸೂತಕ ಆ ಗಳಿಗೆಯಿಂದ ಶುರು. ಅಂಥ ಹೊತ್ತಿನಲ್ಲಿ ಮನೆಯ ಹಿರಿಯ ಹೆಂಗಸು ಸೊಸೆಯ ಹಣೆ ಒರೆಸಬೇಕು. ಅತ್ತೆ ನನ್ನ ಕಡೆ ಕೈ ಚಾಚಿದರು. ಕೈ ಅರ್ಧಕ್ಕೆ ಬಂದು ನಿಂತಿತು, ಹಿಂದೆ ಹೋಗಿ ಮಡಿಲಲ್ಲಿ ಬಿತ್ತು.

“ಕುಂಕುಮ ನೀನೇ ಒರ್ಸ್ಕ,” ಎಂದರು. “ನಿಂಗೆ ಬೇಕಿತ್ತಲೆ. ನನ್ನ ಕೈಲಿ ಆಗ್ತಿಲ್ಲೆ.”

ನಾನು ಎದ್ದು ಬಚ್ಚಲಿಗೆ ಹೋದೆ. ಕನ್ನಡಿಯಲ್ಲಿ ನೋಡಿದರೆ ಒರೆಸಲು ಏನೂ ಇರಲಿಲ್ಲ. ನಾನು ಇಡುತ್ತಿದ್ದದ್ದು ಅಂಗಡಿಯಲ್ಲಿ ಸಿಗುವ ಸ್ಟಿಕ್ಕರು ಬೊಟ್ಟು. ಉಗುರಿನಲ್ಲಿ ಎತ್ತಿ ತೆಗೆದೆ. ಅದಿದ್ದ ಜಾಗದಲ್ಲಿ ಚರ್ಮ ಸ್ವಲ್ಪ ಬಿಳಿಚಿಕೊಂಡಿತ್ತು. ಹೊರಗೆ ಅತ್ತೆ ಮಗನ ಹೆಸರು ಹಿಡಿದು ಅಳಲು ಶುರುಮಾಡಿದರು. ಸಣ್ಣ ಧ್ವನಿ, ಆದರೆ ಎಲ್ಲ ಕೇಳಿಸುತ್ತಿತ್ತು. ಈಗ ನನಗೂ ಬರುತ್ತದೆ ಎಂದು ನಲ್ಲಿ ಬಿಟ್ಟು ಕಾದೆ. ಬಕೆಟ್ಟು ತುಂಬಿ ಹೊರಚೆಲ್ಲುವ ತನಕ ಕಾದೆ. ಬರಲಿಲ್ಲ. ಬಂದದ್ದು ಹಸಿವು. ಬೆಳಿಗ್ಗೆ ಎರಡು ದೋಸೆ ತಿಂದು ಹೊರಟವಳು, ಹೊಟ್ಟೆ ಚುರುಗುಟ್ಟುತ್ತಿತ್ತು. ಅಂಥ ಹಸಿವು ಎರಡೂ ಮುಕ್ಕಾಲು ವರ್ಷದಲ್ಲಿ ಆಗಿರಲಿಲ್ಲ.

ಸೂತಕ ಬಂದ ಮೇಲೆ ಮೊದಲು ಮಾಡಿಟ್ಟ ಅಡಿಗೆ ಉಣ್ಣುವಂತಿಲ್ಲ, ಹೊರಗೆ ಹಾಕಬೇಕು. ಅದು ನನಗೆ ಗೊತ್ತು. ನಾಚಿಕೆಯಾಯಿತು, ಅದನ್ನೂ ಹೇಳುತ್ತೇನೆ. ಅಡಿಗೆಮನೆಗೆ ಹೋಗಿ, ಅತ್ತೆಯ ಅಳು ಕೇಳುತ್ತಿದ್ದ ಹಾಗೇ, ಸದ್ದಾಗದಂತೆ ಮುಚ್ಚಳ ತೆಗೆದು ಅನ್ನ ಬಡಿಸಿಕೊಂಡೆ.